ಒಂದೇ ಲೆಕ್ಕದ ಪುಸ್ತಕ ಸಾಕು

ಅಂಗಡಿ ಇಟ್ಟವರಿಗೆ, ಕಾರ್ಖಾನೆ ನಡೆಸುವವರಿಗೆ ‘ಎರಡನೇ ಲೆಕ್ಕ’ ಎಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಒಂದು ಪುಸ್ತಕ ಅಧಿಕಾರಿಗಳಿಗೆ ತೋರಿಸುವುದಕ್ಕೆ, ಇನ್ನೊಂದು ನಿಜವಾದ ವ್ಯವಹಾರಕ್ಕೆ. ಮೊದಲನೆಯದರಲ್ಲಿ ಎಲ್ಲವೂ ಅಚ್ಚುಕಟ್ಟು. ಎರಡನೆಯದು ಮೇಜಿನ ಖಾನೆಯಲ್ಲಿ ಬೀಗದೊಳಗೆ ಇರುತ್ತದೆ.

ಆದರೆ ಅಂಗಡಿ, ಕಾರ್ಖಾನೆ ಇಲ್ಲದ ನಮ್ಮಂಥವರ ಬಳಿಯೂ ಎರಡು ಪುಸ್ತಕಗಳಿರಬಹುದು. ದೇವಾಲಯದಲ್ಲಿ ತೋರಿಸುವ ಮುಖ ಒಂದು, ಮನೆಯಲ್ಲಿ ತೋರಿಸುವ ಮುಖ ಇನ್ನೊಂದು. ಬೀಗರ ಮುಂದೆ ಆಡುವ ಮಾತು ಒಂದು, ಅವರು ಹೋದ ಮೇಲೆ ಆಡುವ ಮಾತು ಇನ್ನೊಂದು. ದೇವರ ಹತ್ತು ಆಜ್ಞೆಗಳಲ್ಲಿ ಎಂಟನೆಯದು ಸುಳ್ಳುಸಾಕ್ಷಿಯನ್ನು ನಿಷೇಧಿಸುತ್ತದೆ. ಪಾಪನಿವೇದನೆಗೆ ಬರುವವರು ಈ ಆಜ್ಞೆಯನ್ನು ಸಾಮಾನ್ಯವಾಗಿ ಒಂದೇ ಉಸಿರಿನಲ್ಲಿ ಮುಗಿಸಿಬಿಡುತ್ತಾರೆ: ‘ಸಣ್ಣಪುಟ್ಟ ಸುಳ್ಳು ಹೇಳಿದ್ದೇನೆ, ಫಾದರ್.’ ಸತ್ಯವೆಂದರೆ ಇಷ್ಟೇ ಏನು? ಆಗೊಮ್ಮೆ ಈಗೊಮ್ಮೆ ಬಾಯಿಂದ ಜಾರಿದ ಸುಳ್ಳುಗಳ ಎಣಿಕೆ ಮಾತ್ರವೇ?

ಆದಿ ಕ್ರೈಸ್ತ ಸಮುದಾಯದಲ್ಲಿ ನಡೆದ ಅನನೀಯ ಮತ್ತು ಸಫೈರ ದಂಪತಿಯ ಪ್ರಸಂಗವನ್ನು ನೆನೆಯೋಣ (ಪ್ರೇಷಿತರ ಕಾರ್ಯಕಲಾಪಗಳು 5:1-11). ಅವರು ಹೊಲ ಮಾರಿದರು. ಬಂದ ಹಣದಲ್ಲಿ ಒಂದು ಪಾಲನ್ನು ತಮಗಾಗಿ ಇಟ್ಟುಕೊಂಡು, ಉಳಿದದ್ದನ್ನು ಪೂರ್ತಿ ಹಣವೆಂಬಂತೆ ಪ್ರೇಷಿತರ ಪಾದದ ಬಳಿ ಇಟ್ಟರು. ಹಣ ಇಟ್ಟುಕೊಂಡದ್ದು ಅವರ ತಪ್ಪಾಗಿರಲಿಲ್ಲ. ಹೊಲ ಅವರದು, ಹಣವೂ ಅವರದು, ಕೊಡಲೇಬೇಕೆಂಬ ಒತ್ತಾಯ ಯಾರದೂ ಇರಲಿಲ್ಲ ಎಂದು ಪೇತ್ರರೇ ಅವರಿಗೆ ನೆನಪಿಸುತ್ತಾರೆ. ಎರಡು ಲೆಕ್ಕ ಇಟ್ಟದ್ದೇ ಅವರ ತಪ್ಪು. ಅರ್ಧ ಕೊಟ್ಟು ಪೂರ್ತಿ ಕೊಟ್ಟವರ ಹೆಸರನ್ನು ಬಯಸಿದರು.

ಸತ್ಯವನ್ನು ಪ್ರೀತಿಸುವುದೆಂದರೆ ಈ ಎರಡನೆಯ ಪುಸ್ತಕವನ್ನು ಮುಚ್ಚುವುದು. ಹಾಗೆ ಮುಚ್ಚುವಾಗ ಆಗುವ ನಷ್ಟವನ್ನು ನಾವೇ ಹೊರುವುದು. ಹುಲಿಗೆ ಕೊಟ್ಟ ಮಾತಿಗಾಗಿ ಹಿಂತಿರುಗಿ ಹೋದ ಪುಣ್ಯಕೋಟಿಯನ್ನು ಕನ್ನಡದ ಮಕ್ಕಳೆಲ್ಲರೂ ಬಲ್ಲರು. ಆ ಹಸುವಿನ ಸತ್ಯ ನಮ್ಮ ಕಣ್ಣಲ್ಲಿ ನೀರು ತರಿಸುವುದು ಅದರ ಬೆಲೆಯನ್ನು ಅದು ತಾನೇ ಕೊಡಲು ಹೊರಟದ್ದರಿಂದ. ಬೆಲೆ ಕೇಳದ ಸತ್ಯವನ್ನು ಯಾರು ಬೇಕಾದರೂ ಹೇಳಬಲ್ಲರು.

ಕರುಮತ್ತಂಪಟ್ಟಿಯ ಧರ್ಮಾಧ್ಯಕ್ಷರು

ಚಾಮರಾಜನಗರದ ಕಡೆಯಿಂದ ಹೊರಟು, ದಿಂಬಂ ಘಾಟಿಯ 27 ತಿರುವುಗಳನ್ನು ಇಳಿದು, ಸತ್ಯಮಂಗಲವನ್ನು ದಾಟಿದರೆ ಕೊಯಮತ್ತೂರು ಸೀಮೆ. ಕನ್ನಡಿಗರಾದ ನಮಗೆ ಇದು ಪರಕೀಯ ನೆಲವಲ್ಲ. 1956ರ ನವೆಂಬರ್ 1ರವರೆಗೆ ನಮ್ಮ ಕೊಳ್ಳೇಗಾಲ ತಾಲ್ಲೂಕು ಕೊಯಮತ್ತೂರು ಜಿಲ್ಲೆಗೇ ಸೇರಿತ್ತು. ಮನೆಯಲ್ಲಿ ಕನ್ನಡ ಮಾತನಾಡುವ ದೇವಾಂಗ ನೇಕಾರರು ಮತ್ತು ಒಕ್ಕಲಿಗರು ಆ ಭಾಗದಲ್ಲಿ ಇಂದಿಗೂ ಇದ್ದಾರೆ. ಕೆಲಸ ಅರಸಿ ಕೊಯಮತ್ತೂರು, ತಿರುಪ್ಪೂರುಗಳಿಗೆ ಹೋಗುವವರೂ ಇದ್ದಾರೆ.

ಅವಿನಾಶಿಯಿಂದ ಕೊಯಮತ್ತೂರಿಗೆ ಹೋಗುವ ಹೆದ್ದಾರಿಯಲ್ಲಿ ಕರುಮತ್ತಂಪಟ್ಟಿ ಎಂಬ ಊರಿದೆ. ಜಪಮಾಲೆ ಮಾತೆಯ ಹಳೆಯ ಪುಣ್ಯಕ್ಷೇತ್ರ ಅದು. 1846ರ ಅಕ್ಟೋಬರ್ 4ರಂದು ಅಲ್ಲಿ ಒಬ್ಬ ಫ್ರೆಂಚ್ ಗುರುವಿಗೆ ಧರ್ಮಾಧ್ಯಕ್ಷ ದೀಕ್ಷೆ ನಡೆಯಿತು. ಅವರ ಹೆಸರು ಮೆಲ್ಕಿಯೋರ್ ದೆ ಮಾರಿಯೋನ್ ಬ್ರೆಸಿಯಾಕ್. ಹುಟ್ಟಿದ್ದು 1813ರ ಡಿಸೆಂಬರ್ 2ರಂದು, ಫ್ರಾನ್ಸಿನ ಕಾಸ್ತೆಲ್ನೊದಾರಿಯಲ್ಲಿ. ಮೈಸೂರು, ಬೆಂಗಳೂರುಗಳಲ್ಲಿ ದುಡಿದ ಪ್ಯಾರಿಸ್ ವಿದೇಶಿ ಮಿಷನ್ ಸಂಸ್ಥೆಯ ಗುರುಗಳ ಸಾಲಿನವರೇ ಅವರೂ. 1842ರಲ್ಲಿ ಪಾಂಡಿಚೇರಿಗೆ ಬಂದಿಳಿದರು. ಮೂರು ವರ್ಷ ಕಳೆಯುವಷ್ಟರಲ್ಲಿ, ಪಾಂಡಿಚೇರಿಯಿಂದ ಬೇರ್ಪಟ್ಟ ಹೊಸ ಕೊಯಮತ್ತೂರು ಮಿಷನ್ನಿನ ಹೊಣೆ ಅವರ ಹೆಗಲಿಗೆ ಬಿತ್ತು. ಧರ್ಮಾಧ್ಯಕ್ಷರಾದಾಗ ಅವರಿಗಿನ್ನೂ 33 ತುಂಬಿರಲಿಲ್ಲ.

ಈ ನೆಲದ ಮಕ್ಕಳೇ ಗುರುಗಳಾಗಬೇಕು, ಮುಂದೆ ಅವರೇ ಧರ್ಮಾಧ್ಯಕ್ಷರಾಗಬೇಕು ಎಂಬುದು ಅವರ ದೊಡ್ಡ ಆಸೆಯಾಗಿತ್ತು. ಅದಕ್ಕಾಗಿ ಗುರುಮಠ ನಡೆಸಿದರು. ಆದರೆ ಒಂದು ಪ್ರಶ್ನೆ ಅವರನ್ನು ಹಗಲಿರುಳು ಕಾಡತೊಡಗಿತು.

ಆ ಪ್ರಶ್ನೆಯ ಹಿನ್ನೆಲೆ ಹೀಗಿದೆ. 17ನೇ ಶತಮಾನದಲ್ಲಿ ಮಧುರೆಯ ರಾಬರ್ಟ್ ದೆ ನೊಬಿಲಿಯವರ ಕಾಲದಿಂದ, ಹೊಸದಾಗಿ ಕ್ರೈಸ್ತರಾದವರು ತಮ್ಮ ಹಿಂದಿನ ಸಾಮಾಜಿಕ ಪದ್ಧತಿಗಳಲ್ಲಿ ಯಾವುದನ್ನು ಉಳಿಸಿಕೊಳ್ಳಬಹುದು, ಯಾವುದನ್ನು ಬಿಡಬೇಕು ಎಂಬ ಚರ್ಚೆ ನಡೆದಿತ್ತು. ಜುಟ್ಟು, ಜನಿವಾರ, ಗಂಧ, ಸ್ನಾನಗಳಿಂದ ಹಿಡಿದು ಜಾತಿಯ ಅಂತರದವರೆಗೆ ಎಲ್ಲವೂ ಆ ಚರ್ಚೆಯಲ್ಲಿತ್ತು. ಇದನ್ನು ‘ಮಲಬಾರ್ ಆಚರಣೆಗಳ ವಿವಾದ’ ಎನ್ನುತ್ತಾರೆ. ಕೊನೆಗೆ 1744ರಲ್ಲಿ ಜಗದ್ಗುರು 14ನೇ ಬೆನೆಡಿಕ್ಟರು ಕಟ್ಟುನಿಟ್ಟಾದ ಆಜ್ಞೆ ಹೊರಡಿಸಿದರು. ಅದನ್ನು ಪಾಲಿಸುವುದಾಗಿ ಪ್ರತಿಯೊಬ್ಬ ಮಿಷನರಿ ಪ್ರಮಾಣ ಮಾಡಬೇಕಿತ್ತು.

ಬ್ರೆಸಿಯಾಕ್ ಅವರೂ ಪ್ರಮಾಣ ಮಾಡಿದ್ದರು. ಆದರೆ ಹಳ್ಳಿಗಳಿಗೆ ಹೋದಾಗ ಕಂಡದ್ದೇ ಬೇರೆ. ಪ್ರಮಾಣ ಒಂದು ಹೇಳುತ್ತಿತ್ತು, ರೂಢಿ ಇನ್ನೊಂದು ಹೇಳುತ್ತಿತ್ತು. ಜಾತಿಗೆ ಸಂಬಂಧಿಸಿದ ಎಷ್ಟೋ ಪದ್ಧತಿಗಳು ದೇವಾಲಯದ ಒಳಗೂ ಹೊರಗೂ ನಡೆದುಕೊಂಡು ಬಂದಿದ್ದವು. ಅವುಗಳಲ್ಲಿ ಯಾವುದು ಕೇವಲ ಸಾಮಾಜಿಕ, ಯಾವುದು ವಿಶ್ವಾಸಕ್ಕೆ ವಿರುದ್ಧ ಎಂಬ ಬಗ್ಗೆ ಗುರುಗಳ ನಡುವೆ ಒಮ್ಮತವಿರಲಿಲ್ಲ. ಕಾಗದದಲ್ಲಿ ಒಂದು ಲೆಕ್ಕ, ಊರಿನಲ್ಲಿ ಇನ್ನೊಂದು ಲೆಕ್ಕ ಎನ್ನುವಂತಿತ್ತು ಪರಿಸ್ಥಿತಿ.

ಸ್ಪಷ್ಟವಾದ ತೀರ್ಮಾನ ಕೊಡಬೇಕೆಂದು ಅವರು ರೋಮಿನ ಅಧಿಕಾರಿಗಳನ್ನು ಕೇಳಿಕೊಂಡರು. ಮನಸ್ಸಾಕ್ಷಿಗೆ ನೆಮ್ಮದಿ ಕೊಡುವಂಥ ಉತ್ತರ ದೊರೆಯಲಿಲ್ಲ. ಸುಮ್ಮನಿದ್ದಿದ್ದರೆ ಅವರನ್ನು ಯಾರೂ ಪ್ರಶ್ನಿಸುತ್ತಿರಲಿಲ್ಲ. ‘ಎಲ್ಲರೂ ಹೀಗೆಯೇ ನಡೆದುಕೊಳ್ಳುತ್ತಾರೆ, ನಾನೊಬ್ಬ ಏಕೆ ತಲೆ ಕೆಡಿಸಿಕೊಳ್ಳಲಿ’ ಎಂದುಕೊಂಡು ಧರ್ಮಾಧ್ಯಕ್ಷರಾಗಿಯೇ ಮುಂದುವರಿಯಬಹುದಿತ್ತು. ಅವರು ಪದವಿಗೆ ರಾಜೀನಾಮೆ ಸಲ್ಲಿಸಿದರು. 1855ರಲ್ಲಿ ಅದು ಅಂಗೀಕಾರವಾಯಿತು. ಆಗ ಅವರಿಗೆ 41 ವರ್ಷ.

ಸತ್ಯದ ಬಗ್ಗೆ ಬರೆಯುವಾಗ ಇಲ್ಲದ ಗುಣವನ್ನು ಯಾರಿಗೂ ಅಂಟಿಸಬಾರದು. ಬ್ರೆಸಿಯಾಕ್ ಅವರು ಇಂದಿನ ಅರ್ಥದಲ್ಲಿ ಜಾತಿವಿರೋಧಿ ಹೋರಾಟಗಾರರಾಗಿರಲಿಲ್ಲ. ಅವರೊಂದಿಗೆ ಒಪ್ಪದ ಗುರುಗಳೆಲ್ಲರೂ ಸತ್ಯದ ವೈರಿಗಳೂ ಆಗಿರಲಿಲ್ಲ. ಅವರಲ್ಲಿ ಅನೇಕರು ಒಳ್ಳೆಯ ಮನಸ್ಸಿನಿಂದಲೇ ಬೇರೆ ಅಭಿಪ್ರಾಯ ಹೊಂದಿದ್ದರು. ಎಲ್ಲದಕ್ಕೂ ಉತ್ತರ ತಮಗೆ ಗೊತ್ತಿದೆ ಎಂದು ಅವರು ಹೇಳಿಕೊಳ್ಳಲಿಲ್ಲ. ನಾಲಿಗೆ ಮಾಡಿದ ಪ್ರಮಾಣಕ್ಕೂ ಕೈ ಮಾಡುವ ಕೆಲಸಕ್ಕೂ ನಡುವೆ ಸಂಶಯ ಇಟ್ಟುಕೊಂಡು ತಾನು ಕುರುಬನಾಗಿರಲಾರೆ ಎನ್ನುವುದಷ್ಟೇ ಅವರ ನಿಲುವು.

ಮುಂದೆ ಏನಾಯಿತು? 1856ರ ಡಿಸೆಂಬರ್ 8ರಂದು ಫ್ರಾನ್ಸಿನ ಲಿಯೋನ್ ನಗರದಲ್ಲಿ ಅವರು ‘ಆಫ್ರಿಕಾ ಮಿಷನ್ ಸಂಸ್ಥೆ’ಯನ್ನು ಸ್ಥಾಪಿಸಿದರು. 1859ರ ಮೇ ತಿಂಗಳಲ್ಲಿ ಆಫ್ರಿಕಾದ ಸಿಯೆರಾ ಲಿಯೋನಿನ ಫ್ರೀಟೌನ್ ಬಂದರಿಗೆ ಬಂದಿಳಿದರು. ಊರಿನಲ್ಲಿ ಹಳದಿ ಜ್ವರ ಹಬ್ಬಿತ್ತು. ಜೂನ್ 25ರಂದು ತೀರಿಕೊಂಡರು. ಬಂದು ಎರಡು ತಿಂಗಳೂ ಆಗಿರಲಿಲ್ಲ. ಆದರೆ ಅವರ ಸಂಸ್ಥೆ ಸಾಯಲಿಲ್ಲ. ಇಂದು ಭಾರತದ ಯುವಕರೂ ಅದೇ ಸಂಸ್ಥೆಯ ಗುರುಗಳಾಗಿ ಆಫ್ರಿಕಾಕ್ಕೆ ಹೋಗುತ್ತಾರೆ. ಮಿಷನರಿಗಳು ಮಾಡಬೇಕಿದ್ದ ಆ ಹಳೆಯ ಪ್ರಮಾಣವನ್ನು ರೋಮ್ 1940ರಲ್ಲಿ ಕೈಬಿಟ್ಟಿತು. 2020ರ ಮೇ ತಿಂಗಳಲ್ಲಿ ಜಗದ್ಗುರು ಫ್ರಾನ್ಸಿಸರು ಬ್ರೆಸಿಯಾಕ್ ಅವರ ವೀರೋಚಿತ ಸದ್ಗುಣಗಳನ್ನು ಮಾನ್ಯ ಮಾಡಿದರು.

ಅಂತಿಯೋಕ್ಯದ ಊಟದ ಮೇಜು

ಈ ಕಥೆಗೆ ಬೈಬಲಿನಲ್ಲಿಯೇ ಒಂದು ಹಿರಿಯ ಸಾಕ್ಷಿ ಇದೆ. ಅಂತಿಯೋಕ್ಯದಲ್ಲಿ ಪೇತ್ರರು ಅನ್ಯಜನಾಂಗದಿಂದ ಬಂದ ಕ್ರೈಸ್ತರ ಜೊತೆ ಕುಳಿತು ಊಟ ಮಾಡುತ್ತಿದ್ದರು. ಜೆರುಸಲೇಮಿನಿಂದ ಕೆಲವರು ಬಂದರು. ಅವರಿಗೆ ಹೆದರಿ ಪೇತ್ರರು ಮೆಲ್ಲನೆ ಆ ಪಂಕ್ತಿಯಿಂದ ಹಿಂದೆ ಸರಿದರು. ಅವರನ್ನು ನೋಡಿ ಉಳಿದವರೂ ಸರಿದರು. ಆಗ ಸಂತ ಪೌಲರು ಎಲ್ಲರ ಮುಂದೆಯೇ ಅವರನ್ನು ಎದುರಿಸಿದರು. ಅವರ ನಡತೆ ಶುಭಸಂದೇಶದ ಸತ್ಯಕ್ಕೆ ಅನುಗುಣವಾಗಿಲ್ಲ ಎಂದು ಕಂಡದ್ದರಿಂದಲೇ ತಾವು ಮಾತನಾಡಿದೆವೆಂದು ಗಲಾತ್ಯರಿಗೆ ಬರೆದ ಪತ್ರದಲ್ಲಿ ಹೇಳುತ್ತಾರೆ (ಗಲಾತ್ಯ 2:11-14).

ಗಮನಿಸಿ, ಪೇತ್ರರು ಬಾಯಿಂದ ಒಂದೇ ಒಂದು ಸುಳ್ಳು ಮಾತು ಆಡಿರಲಿಲ್ಲ. ಮೇಜಿನಿಂದ ಎದ್ದುಹೋದರು, ಅಷ್ಟೇ. ಆದರೂ ಪೌಲರ ಕಣ್ಣಿಗೆ ಅದು ಸತ್ಯದ ಪ್ರಶ್ನೆಯಾಯಿತು. ಮಾತನ್ನೇ ಆಡದೆ ಸುಳ್ಳು ಹೇಳಬಹುದು. ಯಾರ ಪಕ್ಕದಲ್ಲಿ ಕೂರುತ್ತೇವೆ, ಯಾರ ಮನೆಯ ನೀರು ಕುಡಿಯುತ್ತೇವೆ, ಯಾರ ಸಾವಿಗೆ ಹೋಗುವುದಿಲ್ಲ ಎಂಬುದೂ ಒಂದು ಹೇಳಿಕೆಯೇ. ಒಂದೇ ಪರಮಪ್ರಸಾದವನ್ನು ಸ್ವೀಕರಿಸಿ, ದೇವಾಲಯದ ಬಾಗಿಲು ದಾಟಿದ ಮೇಲೆ ‘ಅವರು ಬೇರೆಯವರು’ ಎಂದು ನಡೆದುಕೊಂಡರೆ ನಾವು ಹೇಳಿದ ‘ಆಮೆನ್’ ಯಾವ ಪುಸ್ತಕಕ್ಕೆ ಸೇರಿತು?

ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿ 2016ರ ಡಿಸೆಂಬರಿನಲ್ಲಿ ದಲಿತರ ಸಬಲೀಕರಣದ ಬಗ್ಗೆ ಒಂದು ನೀತಿಪತ್ರವನ್ನು ಹೊರತಂದಿತು. ಧರ್ಮಸಭೆಯೊಳಗೇ ಅಸ್ಪೃಶ್ಯತೆ, ತಾರತಮ್ಯ ಇವೆ ಎಂಬುದನ್ನು ಅದರಲ್ಲಿ ಒಪ್ಪಿಕೊಳ್ಳಲಾಗಿದೆ. ಇದನ್ನು ಓದಿ ಕೆಲವರಿಗೆ ಮುಜುಗರವಾಯಿತು. ಆದರೆ ಗಾಯ ಇದೆ ಎಂದು ಒಪ್ಪಿಕೊಂಡ ಮೇಲೆಯೇ ಮದ್ದು ಹಚ್ಚಲು ಸಾಧ್ಯ.

ನೊಯ್ಯಲ್ ನದಿ ಹೇಳಿದ ಸಾಕ್ಷಿ

ಕರುಮತ್ತಂಪಟ್ಟಿಯ ಸುತ್ತಮುತ್ತ ಈಗ ಮಗ್ಗದ ಸದ್ದು. ಪಕ್ಕದ ಸೋಮನೂರು ವಿದ್ಯುತ್ ಮಗ್ಗಗಳಿಗೆ ಹೆಸರಾದ ಊರು. ಇನ್ನಷ್ಟು ಮುಂದೆ ಹೋದರೆ ತಿರುಪ್ಪೂರು. 2009ರಲ್ಲಿ ಕೊಯಮತ್ತೂರು ಮತ್ತು ಈರೋಡು ಜಿಲ್ಲೆಗಳ ಭಾಗಗಳನ್ನು ಸೇರಿಸಿ ಅದನ್ನು ಪ್ರತ್ಯೇಕ ಜಿಲ್ಲೆಯಾಗಿ ಮಾಡಲಾಯಿತು. ನಾವು ತೊಡುವ ಬನಿಯನ್, ಟೀ ಶರ್ಟುಗಳು ಅಲ್ಲಿಂದ ದೇಶವಿದೇಶಗಳಿಗೆ ಹೋಗುತ್ತವೆ.

ಆ ಬಟ್ಟೆಗೆ ಬಣ್ಣ ಹಾಕಿದ ನೀರು ನೊಯ್ಯಲ್ ನದಿಗೆ ಸೇರುತ್ತಿತ್ತು. ವೆಳ್ಳಿಯಂಗಿರಿ ಬೆಟ್ಟದಲ್ಲಿ ಹುಟ್ಟಿ ಕೊಯಮತ್ತೂರು, ತಿರುಪ್ಪೂರುಗಳ ಮೂಲಕ ಹರಿದು ನಮ್ಮ ಕಾವೇರಿಯನ್ನೇ ಕೂಡುವ ನದಿ ಅದು. ರೈತರ ಹೊಲಗಳಿಗೆ ನೀರುಣಿಸಲೆಂದು ಒರತ್ತುಪಾಳಯಂನಲ್ಲಿ ಕಟ್ಟಿದ ಅಣೆಕಟ್ಟಿನಲ್ಲಿ ಬಣ್ಣದ ತ್ಯಾಜ್ಯ ನೀರು ನಿಂತಿತು. ಆ ನೀರನ್ನು ಹೊಲಕ್ಕೆ ಬಿಡಬೇಡಿ ಎಂದು ರೈತರೇ ಬೇಡಿಕೊಳ್ಳುವ ಕಾಲ ಬಂತು. ಅವರು ನ್ಯಾಯಾಲಯಕ್ಕೆ ಹೋದರು. ಒಂದು ಹನಿ ತ್ಯಾಜ್ಯವನ್ನೂ ನದಿಗೆ ಬಿಡಬಾರದೆಂಬ ಆದೇಶ ಬಂತು. ಅದು ಪಾಲನೆಯಾಗಲಿಲ್ಲ. 2011ರ ಜನವರಿ 28ರಂದು ಮದ್ರಾಸ್ ಹೈಕೋರ್ಟ್ ತಿರುಪ್ಪೂರಿನ ಬಣ್ಣಗಾರಿಕೆ ಮತ್ತು ಬ್ಲೀಚಿಂಗ್ ಘಟಕಗಳನ್ನು ಮುಚ್ಚಿಸಲು ಆದೇಶಿಸಿತು. 700ಕ್ಕೂ ಹೆಚ್ಚು ಘಟಕಗಳು ಬಾಗಿಲು ಹಾಕಿದವು. ಸಾವಿರಾರು ಕಾರ್ಮಿಕರ ಕೆಲಸಕ್ಕೆ ಸಂಚಕಾರ ಬಂತು. ಹನಿ ತ್ಯಾಜ್ಯವನ್ನೂ ಹೊರಬಿಡದ ಶುದ್ಧೀಕರಣ ವ್ಯವಸ್ಥೆ ಮಾಡಿಕೊಂಡ ಘಟಕಗಳು ಆಮೇಲೆ ಒಂದೊಂದಾಗಿ ತೆರೆದವು.

ಇದರಿಂದ ನಾವು ಕಲಿಯಬೇಕಾದದ್ದೇನು? ಎರಡನೆಯ ಲೆಕ್ಕದ ನಷ್ಟವನ್ನು ಬಹುತೇಕ ಅದನ್ನು ಬರೆದವನು ಕಟ್ಟುವುದಿಲ್ಲ. ಕೆಳಗಿನ ಊರಿನ ರೈತ ಕಟ್ಟುತ್ತಾನೆ, ದಿನಗೂಲಿಯವನು ಕಟ್ಟುತ್ತಾನೆ. ಸುಳ್ಳಿಗೆ ಬಲಿಯಾಗುವವರು ಸಾಮಾನ್ಯವಾಗಿ ನಮ್ಮ ಕಣ್ಣಿಗೆ ಕಾಣದಷ್ಟು ದೂರದಲ್ಲಿರುತ್ತಾರೆ. ಅದಕ್ಕೇ ಸುಳ್ಳು ನಮಗೆ ಹಗುರವಾಗಿ ಕಾಣುವುದು.

ಕಾರ್ಖಾನೆಯೊಳಗಿನ ದಾಖಲೆಗೂ ಇದೇ ಮಾತು ಅನ್ವಯಿಸುತ್ತದೆ. ವಾರಕ್ಕೆ 48 ಗಂಟೆ ಮೀರಿದ ದುಡಿಮೆಗೆ ಇಮ್ಮಡಿ ಕೂಲಿ ಕೊಡಬೇಕು ಎನ್ನುತ್ತದೆ ಕಾನೂನು. ತಪಾಸಣೆಗೆ ಬಂದವರಿಗೆ ಒಂದು ಹಾಜರಿ ಪುಸ್ತಕ, ಕೂಲಿ ಕೊಡುವುದಕ್ಕೆ ಇನ್ನೊಂದು ಎಂಬ ದೂರು ಜವಳಿ ಉದ್ಯಮದಲ್ಲಿ ಹೊಸದಲ್ಲ. ಕೊಯಮತ್ತೂರು, ತಿರುಪ್ಪೂರು, ದಿಂಡಿಗಲ್ ಕಡೆಯ ನೂಲಿನ ಗಿರಣಿಗಳಲ್ಲಿ ‘ಸುಮಂಗಲಿ’ ಎಂಬ ಹೆಸರಿನ ಯೋಜನೆಯಿತ್ತು. ಮೂರು ವರ್ಷ ದುಡಿದರೆ ಮದುವೆಗೆ ಇಡುಗಂಟು ಕೊಡುತ್ತೇವೆಂದು ಬಡಮನೆಯ ಹುಡುಗಿಯರನ್ನು ಕರೆತರುತ್ತಿದ್ದರು. ನಡುವೆಯೇ ಕಾಯಿಲೆ ಬಿದ್ದು ಮನೆಗೆ ಮರಳಿ, ಹೇಳಿದ ಹಣ ಕೈಗೆ ಬಾರದ ಹುಡುಗಿಯರ ಬಗ್ಗೆ ಬಹಳಷ್ಟು ವರದಿಗಳು ಬಂದವು. ಎಷ್ಟೋ ಕಡೆ ಮಗಳ ವಯಸ್ಸನ್ನು ಹೆಚ್ಚಿಸಿ ಹೇಳಿದವರು ಹೆತ್ತವರೇ. ಬಡತನ ಅವರ ಕೈಹಿಡಿದು ಬರೆಸಿತು, ನಿಜ. ಆದರೆ ಆ ಒಂದು ಅಂಕಿಯ ಭಾರವನ್ನು ಹೊತ್ತದ್ದು ಆ ಮಗು.

ನಮ್ಮ ಧರ್ಮಕೇಂದ್ರಗಳಲ್ಲಿ ಸೂಪರ್ವೈಸರುಗಳಿದ್ದಾರೆ, ಗುಮಾಸ್ತರಿದ್ದಾರೆ, ಲೆಕ್ಕ ಬರೆಯುವವರಿದ್ದಾರೆ. ಮಾಲೀಕರು ಹೇಳಿದಂತೆ ಬರೆಯದಿದ್ದರೆ ಕೆಲಸ ಹೋಗುತ್ತದೆ ಎನ್ನುವ ಅವರ ಭಯ ಸುಳ್ಳಲ್ಲ. ಅಂಥವರಿಗೆ ಹೇಳಬಹುದಾದದ್ದು ಇಷ್ಟು: ಒಬ್ಬರೇ ಹೊರಬೇಡಿ. ನಂಬಿಕೆಯುಳ್ಳ ಸಹೋದ್ಯೋಗಿಗಳೊಂದಿಗೆ ಮಾತನಾಡಿ, ಗುರುಗಳ ಸಲಹೆ ಕೇಳಿ, ಬೇರೆ ಕೆಲಸದ ದಾರಿ ಹುಡುಕಿ. ಆದರೆ ‘ಇದು ಮಾಮೂಲು’ ಎಂದು ಮನಸ್ಸಾಕ್ಷಿಗೆ ನಿದ್ದೆ ಮಾತ್ರೆ ಕೊಡಬೇಡಿ. ನೋವಾಗುವ ಮನಸ್ಸಾಕ್ಷಿ ಇನ್ನೂ ಜೀವಂತವಾಗಿದೆ ಎಂದರ್ಥ.

ಪ್ರಮಾಣಪತ್ರದ ನೋವು

ಇನ್ನೊಂದು ವಿಷಯವನ್ನು ನಮ್ಮ ಜನ ಗುಟ್ಟಾಗಿ ಮಾತ್ರ ಮಾತನಾಡುತ್ತಾರೆ. ದೀಕ್ಷಾಸ್ನಾನದ ಪುಸ್ತಕದಲ್ಲಿ ಒಂದು ಹೆಸರು, ತಾಲ್ಲೂಕು ಕಚೇರಿಯ ಕಡತದಲ್ಲಿ ಇನ್ನೊಂದು ಹೆಸರು, ಇನ್ನೊಂದು ಧರ್ಮ.

ಇದಕ್ಕೆ ಮೂಲ 1950ರ ಆಗಸ್ಟ್ 10ರ ರಾಷ್ಟ್ರಪತಿಗಳ ಆದೇಶ. ಪರಿಶಿಷ್ಟ ಜಾತಿಯ ಸೌಲಭ್ಯ ಆಗ ಹಿಂದೂಗಳಿಗೆ ಮಾತ್ರ ದೊರೆಯಿತು. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಲಾಯಿತು. ಕ್ರೈಸ್ತರನ್ನು ಸೇರಿಸಲಿಲ್ಲ. ಆದ್ದರಿಂದಲೇ ಧರ್ಮಸಭೆ ಆಗಸ್ಟ್ 10ನ್ನು ಕರಾಳ ದಿನವಾಗಿ ಆಚರಿಸುತ್ತಾ ಬಂದಿದೆ. 2024ರ ನವೆಂಬರಿನಲ್ಲಿ ಪುದುಚೇರಿಯ ಒಬ್ಬ ಮಹಿಳೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪು ನೀಡಿ, ದೇವಾಲಯಕ್ಕೆ ನಿಯಮಿತವಾಗಿ ಹೋಗುತ್ತಾ ಕ್ರೈಸ್ತ ವಿಶ್ವಾಸವನ್ನು ಪಾಲಿಸುವವರು ಕೇವಲ ಮೀಸಲಾತಿಗಾಗಿ ತಾವು ಹಿಂದೂ ಎಂದು ಹೇಳಿಕೊಳ್ಳುವುದು ಸಂವಿಧಾನಕ್ಕೆ ಮಾಡುವ ವಂಚನೆ ಎಂದಿತು.

ಈ ವಿಷಯದಲ್ಲಿ ಬಡವರ ಮೇಲೆ ಕಲ್ಲೆಸೆಯುವುದು ಸುಲಭ. ಆದರೆ ಕಲ್ಲು ಕೈಗೆತ್ತಿಕೊಳ್ಳುವ ಮುನ್ನ ಯೋಚಿಸೋಣ. ದೀಕ್ಷಾಸ್ನಾನ ಪಡೆದ ಮೇಲೂ ಊರಿನವರು ಆ ಮನುಷ್ಯನ ಜಾತಿಯನ್ನು ಮರೆಯಲಿಲ್ಲ. ನಾವೂ ಮರೆಯಲಿಲ್ಲ. ಕಾಗದದ ಮೇಲೆ ಮಾತ್ರ ಅವನು ದಲಿತನಲ್ಲ. ಅಂದರೆ ಮೊದಲ ಸುಳ್ಳು ಅವನು ಹೇಳಿದ್ದಲ್ಲ, ಅವನ ಬಗ್ಗೆ ಹೇಳಿದ್ದು. ಕಾನೂನು ಬದಲಾಗಲಿ ಎಂದು ಒಟ್ಟಾಗಿ ನ್ಯಾಯ ಕೇಳುವುದು ಸತ್ಯದ ಪ್ರೀತಿಗೆ ಸೇರಿದ ಕೆಲಸವೇ.

ಅದರ ಜೊತೆಗೆ ಇದನ್ನೂ ಹೇಳಬೇಕು. ‘ಕಚೇರಿಯಲ್ಲಿ ಕೇಳಿದರೆ ನಾವು ಕ್ರೈಸ್ತರಲ್ಲ ಅನ್ನು’ ಎಂದು ಹೇಳಿಸಿಕೊಂಡು ಬೆಳೆದ ಮಗುವಿನ ಮನಸ್ಸಿನಲ್ಲಿ ವಿಶ್ವಾಸ ಬೇರೂರುವುದು ಕಷ್ಟ. ವಿಶ್ವಾಸವೆಂದರೆ ಮುಚ್ಚಿಡಬೇಕಾದದ್ದು ಎಂದು ಅದು ಕಲಿಯುತ್ತದೆ. ನ್ಯಾಯವಾಗಿ ಸಿಗುವ ಸೌಲಭ್ಯಗಳನ್ನಾದರೂ ನಾವು ತಿಳಿದುಕೊಂಡಿದ್ದೇವೆಯೇ? ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರಿಗೆ ಕರ್ನಾಟಕದಲ್ಲಿ ಹಿಂದುಳಿದ ವರ್ಗಗಳ ಪ್ರವರ್ಗ 1ರಲ್ಲಿ, ತಮಿಳುನಾಡಿನಲ್ಲಿ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಸ್ಥಾನವಿದೆ. ಅರ್ಜಿ ಬರೆದುಕೊಡುವುದು, ಶುಲ್ಕಕ್ಕೆ ನೆರವಾಗುವುದು, ನಮ್ಮ ಶಾಲಾ ಕಾಲೇಜುಗಳಲ್ಲಿ ಅವರ ಮಕ್ಕಳಿಗೆ ಮೊದಲು ಸೀಟು ಕೊಡುವುದು ಧರ್ಮಕೇಂದ್ರದ ಕರ್ತವ್ಯ. ಸುಳ್ಳು ಹೇಳಬೇಡ ಎಂದು ಬಡವನಿಗೆ ಬೋಧಿಸುವವರು, ಸತ್ಯ ಹೇಳಿದ್ದರಿಂದ ಅವನಿಗಾಗುವ ನಷ್ಟದಲ್ಲಿ ಪಾಲು ತೆಗೆದುಕೊಳ್ಳಬೇಕು.

ಬೆರಳ ತುದಿಯ ಸುಳ್ಳುಸಾಕ್ಷಿ

2023ರ ಮಾರ್ಚ್ ತಿಂಗಳನ್ನು ನೆನಪಿಸಿಕೊಳ್ಳಿ. ತಮಿಳುನಾಡಿನಲ್ಲಿ ಬಿಹಾರದ ಕಾರ್ಮಿಕರನ್ನು ಹೊಡೆದು ಕೊಲ್ಲುತ್ತಿದ್ದಾರೆ ಎಂಬ ವಿಡಿಯೋಗಳು ಫೋನಿಂದ ಫೋನಿಗೆ ಹಾರಿದವು. ಅವು ಬೇರೆಲ್ಲೋ, ಬೇರೆ ಕಾರಣಕ್ಕೆ ನಡೆದ ಘಟನೆಗಳ ಚಿತ್ರಗಳು ಎಂದು ಪೊಲೀಸರು ಸ್ಪಷ್ಟಪಡಿಸಿದರು. ಅಷ್ಟರಲ್ಲಿ ತಿರುಪ್ಪೂರು, ಕೊಯಮತ್ತೂರುಗಳ ಹೊರರಾಜ್ಯದ ಕಾರ್ಮಿಕರಲ್ಲಿ ಭಯ ಹಬ್ಬಿತ್ತು. ಹಲವರು ಗಂಟುಮೂಟೆ ಕಟ್ಟಿ ರೈಲು ಹತ್ತಿದರು. ಅಧಿಕಾರಿಗಳು ಕಾರ್ಮಿಕರ ಬಳಿಗೇ ಹೋಗಿ ಧೈರ್ಯ ಹೇಳಬೇಕಾಯಿತು.

ಆ ವಿಡಿಯೋ ಕಳುಹಿಸಿದವರೆಲ್ಲ ದುಷ್ಟರೇ? ಬಹುಪಾಲು ಮಂದಿ ಕನಿಕರದಿಂದ, ಎಚ್ಚರಿಸುವ ಉದ್ದೇಶದಿಂದಲೇ ಕಳುಹಿಸಿದ್ದರು. ನಿಜವೇ ಎಂದು ಕೇಳಲಿಲ್ಲ, ಅಷ್ಟೇ. ಧರ್ಮಸಭೆಯ ಉಪದೇಶ ಎಂಟನೆಯ ಆಜ್ಞೆಯಡಿ ಮೂರು ತಪ್ಪುಗಳನ್ನು ಬೇರೆಬೇರೆಯಾಗಿ ಗುರುತಿಸುತ್ತದೆ. ಸಾಕಷ್ಟು ಆಧಾರವಿಲ್ಲದೆ ಇನ್ನೊಬ್ಬರ ಬಗ್ಗೆ ಕೆಟ್ಟದ್ದನ್ನು ನಂಬಿಬಿಡುವುದು ಒಂದು. ಇರುವ ದೋಷವನ್ನೇ ಆದರೂ ಸಕಾರಣವಿಲ್ಲದೆ ತಿಳಿಯದವರಿಗೆ ಹೇಳುವುದು ಎರಡು. ಇಲ್ಲದ ದೋಷವನ್ನು ಹೊರಿಸುವುದು ಮೂರು. ಈ ಮೂರನ್ನೂ ನಾವು ಈಗ ವಾಟ್ಸಾಪಿನಲ್ಲಿ ಒಂದು ಬೆರಳಿನಿಂದ ಮಾಡಬಲ್ಲೆವು. ಹಾನಿಯನ್ನು ಸರಿಪಡಿಸುವ ಹೊಣೆಯೂ ನಮ್ಮದೇ. ಪಾಪನಿವೇದನೆಯಲ್ಲಿ ಕ್ಷಮೆ ಸಿಕ್ಕಿತೆಂದು ಆ ಹೊಣೆ ತೀರುವುದಿಲ್ಲ. ಸುಳ್ಳನ್ನು ಹತ್ತು ಗುಂಪಿಗೆ ಕಳುಹಿಸಿದವರು ‘ಅದು ತಪ್ಪು ಸುದ್ದಿ’ ಎಂದು ಅದೇ ಹತ್ತು ಗುಂಪಿಗೆ ಕಳುಹಿಸಬೇಕು.

ಮನೆಯ ಗೋಡೆಗಳ ನಡುವೆ

ಮಕ್ಕಳು ಸತ್ಯವನ್ನು ಜ್ಞಾನೋಪದೇಶದ ತರಗತಿಯಲ್ಲಿ ಕಲಿಯುವುದಕ್ಕಿಂತ ಮೊದಲು ಮನೆಯ ಬಾಗಿಲಲ್ಲಿ ಕಲಿಯುತ್ತಾರೆ. ಸಾಲ ಕೇಳಲು ಬಂದವರಿಗೆ ‘ಅಪ್ಪ ಮನೇಲಿಲ್ಲ ಅಂತ ಹೇಳು’ ಎಂದು ಮಗುವನ್ನು ಕಳುಹಿಸುವ ತಂದೆ, ಅದೇ ಮಗು ನಾಳೆ ಅಂಕಪಟ್ಟಿ ಬಚ್ಚಿಟ್ಟರೆ ಹೊಡೆಯುತ್ತಾನೆ. ಮಗುವಿಗೆ ತಿಳಿಯುವುದು ಇಷ್ಟೇ: ಸುಳ್ಳು ತಪ್ಪಲ್ಲ, ಸಿಕ್ಕಿಬೀಳುವುದು ತಪ್ಪು.

ಮದುವೆಯ ಮಾತುಕತೆಯಂತೂ ಸುಳ್ಳಿನ ಸಂತೆಯಾಗುತ್ತಿದೆ. ‘ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು’ ಎಂಬ ಗಾದೆಯನ್ನು ನಗುತ್ತಾ ಹೇಳುತ್ತೇವೆ. ಆದರೆ ಧರ್ಮಸಭೆಯ ಕಾನೂನು ನಗುವುದಿಲ್ಲ. ದಾಂಪತ್ಯ ಜೀವನವನ್ನು ಗಂಭೀರವಾಗಿ ಕದಡಬಲ್ಲ ಒಂದು ಗುಣವನ್ನು ಮರೆಮಾಚಿ, ಒಪ್ಪಿಗೆ ಪಡೆಯಲೆಂದೇ ವಂಚಿಸಿದರೆ ಆ ವಿವಾಹ ಸಿಂಧುವಲ್ಲ ಎನ್ನುತ್ತದೆ ಧರ್ಮಸಭಾ ಕಾನೂನಿನ 1098ನೇ ವಿಧಿ. ಮದುವೆಗೆ ಅಡ್ಡಿ ಇದ್ದರೆ ಗೊತ್ತಿದ್ದವರು ಮುಂಚಿತವಾಗಿ ತಿಳಿಸಬೇಕೆಂದು 1069ನೇ ವಿಧಿ ಹೇಳುತ್ತದೆ. ಹುಡುಗನ ಕುಡಿತ, ಹುಡುಗಿಯ ಕಾಯಿಲೆ, ಮನೆಯ ಸಾಲ ಇವನ್ನೆಲ್ಲ ಮುಚ್ಚಿಟ್ಟು ಮಾಡಿದ ಮದುವೆಯಲ್ಲಿ ಎರಡನೆಯ ಪುಸ್ತಕ ಒಂದಲ್ಲ ಒಂದು ದಿನ ಬಯಲಾಗುತ್ತದೆ. ಆ ದಿನ ಮುರಿಯುವುದು ಎರಡು ಜೀವಗಳ ನಂಬಿಕೆ.

ಸತ್ಯ ಕತ್ತಿಯಾಗಬಾರದು

ಕೆಲವರಿಗೆ ಸತ್ಯ ಹೇಳುವುದೆಂದರೆ ಬೇರೆಯವರ ಮುಖಕ್ಕೆ ಹೊಡೆದಂತೆ ಮಾತನಾಡುವುದು. ‘ನಾನು ಇದ್ದದ್ದು ಇದ್ದ ಹಾಗೆ ಹೇಳುವವನು’ ಎಂಬುದು ಅವರ ಹೆಮ್ಮೆ. ಎಫೆಸದವರಿಗೆ ಬರೆದ ಪತ್ರದಲ್ಲಿ ಸಂತ ಪೌಲರು ಸತ್ಯವನ್ನು ಪ್ರೀತಿಯಿಂದ ಆಡಬೇಕೆಂದು ಕಲಿಸುತ್ತಾರೆ (ಎಫೆಸ 4:15). ಎಲ್ಲ ಸತ್ಯವನ್ನೂ ಎಲ್ಲರಿಗೂ ಹೇಳಬೇಕಾಗಿಲ್ಲ. ತಿಳಿಯುವ ಹಕ್ಕಿಲ್ಲದವರಿಗೆ ಇನ್ನೊಬ್ಬರ ಗುಟ್ಟನ್ನು ಹೇಳದಿರುವುದು ಸುಳ್ಳಲ್ಲ, ಸಜ್ಜನಿಕೆ. ನೆರೆಮನೆಯ ಹೆಣ್ಣುಮಗಳು ನಂಬಿ ಹೇಳಿಕೊಂಡ ಕಷ್ಟ ನಮ್ಮಲ್ಲಿಯೇ ಉಳಿಯಬೇಕು.

ಹೇಗೆ ಗುರುತಿಸುವುದು? ನನ್ನ ಮೌನ ಯಾರನ್ನು ಕಾಪಾಡುತ್ತಿದೆ ಎಂದು ಕೇಳಿಕೊಳ್ಳಿ. ದುರ್ಬಲರನ್ನು ಕಾಪಾಡುತ್ತಿದ್ದರೆ ಅದು ಪ್ರೀತಿ. ನನ್ನ ಲಾಭವನ್ನು, ನನ್ನ ಹೆಸರನ್ನು ಮಾತ್ರ ಕಾಪಾಡುತ್ತಿದ್ದರೆ ಅದು ಎರಡನೆಯ ಪುಸ್ತಕ.

ಜಕ್ಕಾಯನ ಮನೆಯ ಸಂತೋಷ

ಇಷ್ಟೆಲ್ಲ ಓದಿದ ಮೇಲೆ ಮನಸ್ಸು ಭಾರವಾದರೆ ಜಕ್ಕಾಯನ ಮನೆಗೆ ಹೋಗೋಣ (ಲೂಕ 19:1-10). ಅವನು ಸುಂಕದವರ ಮುಖ್ಯಸ್ಥ, ಎರಡು ಲೆಕ್ಕದಲ್ಲಿ ಪಳಗಿದವನು. ಯೇಸುಸ್ವಾಮಿ ಅವನನ್ನು ಮರದಿಂದ ಇಳಿಸಿ ಅವನ ಮನೆಗೇ ಹೋದರು. ಲೆಕ್ಕ ತೋರಿಸು ಎಂದು ಅವರು ಕೇಳಲಿಲ್ಲ. ಅವನೇ ಎದ್ದು ನಿಂತು ಅರ್ಧ ಆಸ್ತಿ ಬಡವರಿಗೆ, ಮೋಸಮಾಡಿದ್ದಕ್ಕೆ ನಾಲ್ಕರಷ್ಟು ಎಂದು ಲೆಕ್ಕ ಒಪ್ಪಿಸಿದ. ಅಂದು ಅವನ ಆಸ್ತಿ ಕರಗಿತು, ಆದರೆ ಅವನ ಮನೆಗೆ ಉದ್ಧಾರ ಬಂತು. ಯೇಸುವನ್ನು ಮನೆಯೊಳಗೆ ಬರಮಾಡಿಕೊಂಡವನಿಗೆ ಎರಡನೆಯ ಪುಸ್ತಕದ ಅಗತ್ಯ ಉಳಿಯಲಿಲ್ಲ.

ಈ ವಾರ ಕುಟುಂಬ ಪ್ರಾರ್ಥನೆಯ ಹೊತ್ತಿನಲ್ಲಿ, ಟಿವಿ, ಫೋನು ಆರಿಸಿ, ಈ ಪ್ರಶ್ನೆಗಳನ್ನು ಒಬ್ಬರನ್ನೊಬ್ಬರು ದೂಷಿಸದೆ ಕೇಳಿಕೊಳ್ಳಬಹುದು:

1. ನಮ್ಮ ಮನೆಯಲ್ಲಿ ಮಕ್ಕಳಿಂದ ನಾವು ಹೇಳಿಸುವ ಸುಳ್ಳು ಯಾವುದು?

2. ನನ್ನ ಕೆಲಸದಲ್ಲಿ ನಾನು ಸಹಿ ಹಾಕುವ ಯಾವ ಕಾಗದ ನನ್ನ ಮನಸ್ಸನ್ನು ಚುಚ್ಚುತ್ತಿದೆ? ಅದರಿಂದ ಯಾರಿಗೆ ನಷ್ಟವಾಗುತ್ತಿದೆ?

3. ಒಂದೇ ಬಲಿಪೂಜೆಯಲ್ಲಿ ಪಾಲ್ಗೊಳ್ಳುವ ಯಾರ ಮನೆಯ ಹೊಸ್ತಿಲನ್ನು ನಾವು ಇನ್ನೂ ತುಳಿದಿಲ್ಲ? ಏಕೆ?

4. ಕಳೆದ ತಿಂಗಳು ವಾಟ್ಸಾಪಿನಲ್ಲಿ ಕಳುಹಿಸಿದ ಯಾವ ಸುದ್ದಿಯನ್ನು ತಿದ್ದಬೇಕಾಗಿದೆ?

5. ಸತ್ಯ ಹೇಳಿ ನಷ್ಟ ಅನುಭವಿಸಿದವರು ನಮ್ಮ ಧರ್ಮಕೇಂದ್ರದಲ್ಲಿ ಇದ್ದಾರೆಯೇ? ಅವರಿಗೆ ನಾವು ಏನು ಮಾಡಿದೆವು?

ಹೌದನ್ನು ಹೌದಾಗಿ, ಅಲ್ಲವನ್ನು ಅಲ್ಲವಾಗಿ ಉಳಿಸಿಕೊಳ್ಳಿರೆಂದು ಪ್ರಭು ಯೇಸು ನಮಗೆ ಕಲಿಸಿದ್ದಾರೆ (ಮತ್ತಾಯ 5:37). ಎಲ್ಲ ಲೆಕ್ಕವನ್ನೂ ಒಂದೇ ದಿನದಲ್ಲಿ ಸರಿಮಾಡಲು ಆಗದಿರಬಹುದು. ಇಂದು ಒಂದು ಪುಟವನ್ನು ಸರಿಮಾಡೋಣ. ನಾವು ಎಷ್ಟೇ ಪುಸ್ತಕ ಬರೆದರೂ ದೇವರ ಬಳಿ ಇರುವುದು ಒಂದೇ ಪುಸ್ತಕ. ಅದನ್ನು ಓದುವವರು ನಮ್ಮನ್ನು ಪ್ರೀತಿಸುವ ತಂದೆ ಎಂಬುದೇ ನಮ್ಮ ಧೈರ್ಯ.